ಲ್ಯಾಂಡ್ ಗ್ರಾಂಟ್ ಯೂನಿವರ್ಸಿಟಿ ಅಂದ್ರೇನು, ಅರ್ಬಾನಾ-ಶಾಂಪೇನ್‌ಗೆ ಮಗಳನ್ನ ಕಳಿಸಬಹುದಾ?

ಸರ್, ನಿಮ್ಮ ಮಗಳಿಗೆ ಅಮೆರಿಕದ ಇಲಿನಾಯ್ ಯೂನಿವರ್ಸಿಟಿ, ಅರ್ಬಾನಾ-ಶಾಂಪೇನ್‌ನಲ್ಲಿ ಎಂಎಸ್ ಸೀಟ್ ಸಿಕ್ಕಿದೆ, ಆದ್ರೆ ಸರ್ಕಾರಿ ಯೂನಿವರ್ಸಿಟಿ ಅಂತಾರೆ, 'ಲ್ಯಾಂಡ್ ಗ್ರಾಂಟ್' ಅಂತ ಬೇರೆ ಬರ್ದಿದಾರೆ, ಮ್ಯಾಪಲ್ಲಿ ಸುತ್ತ ಬರೀ ಹೊಲ ಕಾಣ್ತಿದೆ, ಕಳಿಸೋದಾ ಬೇಡ್ವಾ ಅಂತ ಕೇಳಿದೀರ. ನಾನು ಅಲ್ಲೇ ಎರಡು ವರ್ಷ ಓದಿದೋನು, ದಾವಣಗೆರೆ ಕಡೆ ಮೆಕ್ಕೆಜೋಳ ಬೆಳೆಯೋ ಮನೆಯಿಂದ ಹೋದೋನು, ಹಾಗಾಗಿ ಆ ಹೊಲದಿಂದಾನೇ ಶುರು ಮಾಡ್ತೀನಿ.

ಕ್ಯಾಂಪಸ್ ನಟ್ಟನಡುವೆ, ದೊಡ್ಡ ದೊಡ್ಡ ಬಿಲ್ಡಿಂಗ್‌ಗಳ ಮಧ್ಯೆ ಒಂದು ಚಿಕ್ಕ ಮೆಕ್ಕೆಜೋಳದ ಹೊಲ ಇದೆ. ಮಾರೋ ಪ್ಲಾಟ್ಸ್ ಅಂತ ಹೆಸರು. 1876ರಿಂದ ಅಲ್ಲಿ ಪ್ರಯೋಗ ನಿಂತಿಲ್ಲ. ಒಂದು ತಾಕಿನಲ್ಲಿ ವರ್ಷಾ ವರ್ಷ ಬರೀ ಜೋಳ, ಇನ್ನೊಂದರಲ್ಲಿ ಜೋಳ ಆದ್ಮೇಲೆ ಸೋಯಾ, ಮತ್ತೊಂದರಲ್ಲಿ ಬೆಳೆ ಬದಲಿಸ್ತಾ ಮೇವಿನ ಬೆಳೇನೂ ಹಾಕ್ತಾರೆ. ಗೊಬ್ಬರ ಇಲ್ದೆ ಜೋಳದ ಮೇಲೆ ಜೋಳ ಹಾಕಿದ ಕಡೆ ಗಿಡ ಸೊರಗಿ ನಿಂತಿರತ್ತೆ, ಪಕ್ಕದ್ದು ಆಳುದ್ದ ಬೆಳೆದಿರತ್ತೆ. ನಮ್ಮಪ್ಪ 'ಒಂದೇ ಬೆಳೆ ಹಾಕ್ತಾ ಹೋದ್ರೆ ನೆಲ ಸತ್ತೋಗತ್ತೆ ಕಣೋ' ಅಂತಿದ್ದದ್ದು ಅಲ್ಲಿ ಕಣ್ಣೆದುರಿಗೇ ಇತ್ತು, ಮೊದಲನೇ ಸಲ ನೋಡಿದಾಗ ಸುಮಾರು ಹೊತ್ತು ಅಲ್ಲೇ ನಿಂತುಬಿಟ್ಟೆ.

ಆ ಹೊಲದ ಪಕ್ಕದಲ್ಲೇ ಲೈಬ್ರರಿ ಕಟ್ಟಬೇಕಾಗಿ ಬಂತು. ಮೇಲಕ್ಕೆ ಕಟ್ಟಿದ್ರೆ ಬೆಳೆ ಮೇಲೆ ನೆರಳು ಬೀಳತ್ತೆ, ಇಷ್ಟು ವರ್ಷದ ಪ್ರಯೋಗ ಹಾಳಾಗತ್ತೆ ಅಂತ ಎರಡು ಅಂತಸ್ತು ನೆಲದೊಳಗೇ ಇಳಿಸಿದ್ರು, 1969ರಲ್ಲಿ ತೆರೆದದ್ದು. ಜೋಳಕ್ಕೆ ಬಿಸಿಲು ಬೀಳ್ಲಿ ಅಂತ ಪುಸ್ತಕಗಳನ್ನ ನೆಲದಡಿ ಇಟ್ಟ ಯೂನಿವರ್ಸಿಟಿ ಅದು. ಈ ಒಂದು ವಿಷಯ ಸಾಕು ಸರ್ ನಂಗೆ ಆ ಜಾಗದ ಮೇಲೆ ಗೌರವ ಬರೋಕೆ.

ಈಗ ಲ್ಯಾಂಡ್ ಗ್ರಾಂಟ್ ವಿಷಯ. 1862ರಲ್ಲಿ, ಅಂತರ್ಯುದ್ಧ ನಡೀತಿರುವಾಗ್ಲೇ, ಲಿಂಕನ್ ಮಾರಿಲ್ ಕಾಯ್ದೆಗೆ ಸಹಿ ಹಾಕಿದ್ರು. ಅದಕ್ಕೂ ಮುಂಚಿನ ಅಧ್ಯಕ್ಷ ಬುಕಾನನ್ ಇಂಥದ್ದೇ ಮಸೂದೆನ ತಡೆದಿದ್ರು. ಕೇಂದ್ರ ಸರ್ಕಾರ ಪ್ರತಿ ರಾಜ್ಯಕ್ಕೂ ಜಮೀನು ಕೊಡತ್ತೆ, ಆ ರಾಜ್ಯದಿಂದ ಅಮೆರಿಕದ ಸಂಸತ್ತಿಗೆ ಆರಿಸಿ ಹೋದ ಒಬ್ಬೊಬ್ಬ ಸೆನೆಟರ್, ಒಬ್ಬೊಬ್ಬ ಪ್ರತಿನಿಧಿ ಲೆಕ್ಕಕ್ಕೆ 30,000 ಎಕರೆ, ಅದನ್ನ ಮಾರಿ ಬಂದ ದುಡ್ಡಲ್ಲಿ ಬೇಸಾಯ, ಇಂಜಿನಿಯರಿಂಗ್ ಕಲಿಸೋ ಕಾಲೇಜು ನಡೆಸಿ ಅಂತ. ಇಲಿನಾಯ್ ಪಾಲಿಗೆ 4,80,000 ಎಕರೆ ಬಂತು. ಆ ಜಮೀನಲ್ಲೇ ಕ್ಯಾಂಪಸ್ ಕಟ್ಟಿದಾರೆ ಅಂತ ತುಂಬಾ ಜನ ಅನ್ಕೊಂಡಿದಾರೆ, ಹಾಗಲ್ಲ, ಸಿಕ್ಕಿದ್ದು ಬೇರೆ ರಾಜ್ಯಗಳ ಜಮೀನಿನ ಮೇಲೆ ಹಕ್ಕುಪತ್ರ. ಮತ್ತೆ ಆ ನೆಲ ಮೊದಲು ಅಲ್ಲಿನ ಮೂಲನಿವಾಸಿಗಳದ್ದು, ಅವರಿಂದ ಕಿತ್ಕೊಂಡದ್ದು, ಇದನ್ನ ಹೇಳದೆ ಲ್ಯಾಂಡ್ ಗ್ರಾಂಟ್ ಕತೆ ಹೇಳಿದ್ರೆ ಅರ್ಧ ಮುಚ್ಚಿಟ್ಟ ಹಾಗೆ.

1867ರಲ್ಲಿ ಇಲಿನಾಯ್ ಇಂಡಸ್ಟ್ರಿಯಲ್ ಯೂನಿವರ್ಸಿಟಿ ಅಂತ ಸ್ಥಾಪನೆ, 1885ರಲ್ಲಿ ಇಲಿನಾಯ್ ಯೂನಿವರ್ಸಿಟಿ ಅಂತ ಹೆಸರಾಯ್ತು. ಕ್ಯಾಂಪಸ್‌ನಲ್ಲಿ ಆಲ್ಮಾ ಮೇಟರ್ ಅಂತ ಕಂಚಿನ ತಾಯಿ ಪ್ರತಿಮೆ ಇದೆ, ಕೈ ಚಾಚಿ ನಿಂತಿದಾಳೆ, ಹಿಂದೆ ಕಮ್ಮಾರರ ಥರ ಏಪ್ರನ್ ಕಟ್ಟಿದ ಒಬ್ಬ, ಗೌನ್ ತೊಟ್ಟ ಒಬ್ಬಳು ಕೈ ಹಿಡ್ಕೊಂಡಿದಾರೆ, ದುಡಿಮೆ ಮತ್ತೆ ಕಲಿಕೆ. ಡಿಗ್ರಿ ಮುಗಿಸಿದೋರೆಲ್ಲ ಅವಳ ಮುಂದೆ ಫೋಟೋ ತೆಗೆಸ್ಕೋತಾರೆ, ನಾನೂ ತೆಗೆಸ್ಕೊಂಡೆ.

ಸರ್ಕಾರಿ ಅಂತ ಅನುಮಾನ ಬೇಡವೇ ಬೇಡ. ಜಾನ್ ಬಾರ್ಡೀನ್ ಇಲ್ಲೇ ಮೇಷ್ಟ್ರಾಗಿದ್ರು, ಫಿಸಿಕ್ಸ್‌ನಲ್ಲಿ ಎರಡು ನೊಬೆಲ್ ತಗೊಂಡ ಒಬ್ಬರೇ ಒಬ್ಬರು, 1956 ಮತ್ತೆ 1972. ಮೊದಲನೇದು ಟ್ರಾನ್ಸಿಸ್ಟರ್‌ಗೆ, ಬೆಲ್ ಲ್ಯಾಬ್ಸ್‌ನಲ್ಲಿ ಮಾಡಿದ ಕೆಲಸ, ಎರಡನೇದು ಇಲ್ಲಿ ಮಾಡಿದ ಸೂಪರ್‌ಕಂಡಕ್ಟಿವಿಟಿ (ತುಂಬಾ ತಣ್ಣಗಾದಾಗ ಕೆಲವು ಲೋಹಗಳಲ್ಲಿ ಕರೆಂಟ್ ತಡೆಯಿಲ್ದೆ ಹರಿಯೋದು) ಕೆಲಸಕ್ಕೆ. 1993ರಲ್ಲಿ ವೆಬ್ಬನ್ನ ಸಾಮಾನ್ಯ ಜನರ ಕೈಗೆ ತಂದ ಮೊಸಾಯಿಕ್ ಬ್ರೌಸರ್ ಇಲ್ಲಿನ ಸೂಪರ್‌ಕಂಪ್ಯೂಟಿಂಗ್ ಸೆಂಟರ್‌ದೇ. ವಿದ್ಯಾರ್ಥಿಗಳೇ 50,000ಕ್ಕೂ ಜಾಸ್ತಿ, ಕಂಪ್ಯೂಟರ್ ಸೈನ್ಸ್, ಇಂಜಿನಿಯರಿಂಗ್‌ನಲ್ಲಿ ಹೆಸರು ಹೇಳಿದ್ರೆ ಯಾರೂ ಎರಡನೇ ಸಲ ಕೇಳಲ್ಲ.

ನಮಗೂ ಈ ಪದ್ಧತಿ ಹೊಸದಲ್ಲ. ಪಾಠ, ಸಂಶೋಧನೆ, ರೈತರಿಗೆ ತಲುಪಿಸೋದು, ಮೂರೂ ಒಂದೇ ಸೂರಿನಡಿ ಅನ್ನೋ ಈ ಮಾದರಿನಲ್ಲೇ 1960ರಲ್ಲಿ ಇಲಿನಾಯ್ ನೆರವಿಂದ ಈಗಿನ ಉತ್ತರಾಖಂಡದ ಪಂತ್‌ನಗರದ ಕೃಷಿ ವಿಶ್ವವಿದ್ಯಾಲಯ ಆಯ್ತು, 1964ರಲ್ಲಿ ಟೆನೆಸಿ ಯೂನಿವರ್ಸಿಟಿ ನೆರವಿಂದ ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ. ಜಿಕೆವಿಕೆ ಕೃಷಿ ಮೇಳಕ್ಕೆ ಬಸ್ ಮಾಡ್ಕೊಂಡು ಬರೋ ರೈತರನ್ನ ನೋಡಿದೀರಲ್ಲ, ಅದೇ ಬೇರು. ಇನ್ನೂ ಹಿಂದೆ ಹೋದ್ರೆ ರವೀಂದ್ರನಾಥ ಟ್ಯಾಗೋರರು ಮಗ ರಥೀಂದ್ರನನ್ನ 1906ರಲ್ಲಿ ಬೇಸಾಯ ಓದೋಕೆ ಕಳಿಸಿದ್ದು ಇದೇ ಅರ್ಬಾನಾಕ್ಕೆ.

ಕಷ್ಟಾನೂ ಹೇಳ್ಬಿಡ್ತೀನಿ. 'ಪಬ್ಲಿಕ್' ಅಂತ ಫೀಸ್ ಕಮ್ಮಿ ಇರೋದು ಆ ರಾಜ್ಯದೋರಿಗೆ, ನಮ್ಮಂಥೋರಿಗೆ ಬಹಳ ದುಬಾರಿ. ಟಿಎ ಅಥವಾ ಆರ್‌ಎ, ಅಂದ್ರೆ ಪ್ರೊಫೆಸರ್‌ಗೆ ಪಾಠದಲ್ಲೋ ಸಂಶೋಧನೆಯಲ್ಲೋ ನೆರವಾಗೋ ಕೆಲಸ, ಸಿಕ್ಕಿದ್ರೆ ಟ್ಯೂಷನ್ ಮಾಫಿ ಆಗಿ ತಿಂಗಳಿಗೆ ಒಂದಿಷ್ಟು ಕೈಗೂ ಬರತ್ತೆ, ಆದ್ರೆ ಅದನ್ನ ನಂಬ್ಕೊಂಡು ಲೋನ್ ಲೆಕ್ಕ ಹಾಕ್ಬೇಡಿ, ಎಲ್ಲರಿಗೂ ಸಿಗಲ್ಲ. ಅಲ್ಲಿಗೆ ಕಾಲಿಡೋ ಮುಂಚೇನೇ ಪ್ರೊಫೆಸರ್‌ಗಳಿಗೆ ಮೇಲ್ ಹಾಕೋಕೆ ಶುರು ಮಾಡ್ಲಿ. ಜನವರಿ ಚಳಿ ಗಾಳಿ ಜೊತೆ ಸೇರಿ ಮುಖ ಸೀಳತ್ತೆ, ಬಯಲು ಸೀಮೆ, ತಡೆಯೋಕೆ ಒಂದು ಗುಡ್ಡ ಇಲ್ಲ, ಒಳ್ಳೆ ಜಾಕೆಟ್ ಅಲ್ಲೇ ತಗೊಳ್ಳಿ. ಶಿಕಾಗೋ ಎರಡೂವರೆ ಗಂಟೆ ದಾರಿ. ಊರೊಳಗೆ ಬಸ್ಸಿಗೆ ಐಡಿ ಕಾರ್ಡ್ ತೋರಿಸಿದ್ರೆ ಸಾಕು.

ಕಳಿಸಿ ಸರ್. ಆಗಸ್ಟ್ ಕೊನೇಲಿ ಕ್ಲಾಸ್ ಶುರುವಾಗೋ ಹೊತ್ತಿಗೆ ಆ ಹೊಲದಲ್ಲಿ ಜೋಳ ತೆನೆ ಕಟ್ಟಿ ನಿಂತಿರತ್ತೆ, ಮೊದಲನೇ ವಾರದಲ್ಲೇ ಹೋಗಿ ಒಂದು ಫೋಟೋ ತೆಗೆದು ನಿಮಗೆ ಕಳಿಸೋಕೆ ಮಗಳಿಗೆ ಹೇಳಿ.