ಕರೆಂಟು ತೆಗೆದ ನೀರಲ್ಲಿ ಸತ್ವ ಉಳಿಯುತ್ತದೆಯೇ?

ಪ್ರಶ್ನೆ: ರಜೆಯಲ್ಲಿ ಮನೆಮಂದಿಯೆಲ್ಲ ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರ ನೋಡಿ ಬಂದೆವು. ಸುರಂಗದೊಳಗೆ ಗಾಡಿ ಹೋಗುತ್ತಿದ್ದಾಗಲೇ ಮಗ ಕೇಳಿದ, ‘ಹೊರಗೆ ಕಟ್ಟೋದು ಬಿಟ್ಟು ಗುಡ್ಡ ಕೊರೆದದ್ದು ಯಾಕೆ?’ ಅತ್ತೆಯವರಿಗೆ ಬೇರೆಯೇ ಚಿಂತೆ: ‘ಕರೆಂಟು ತೆಗೆದ ನೀರು ತೋಟಕ್ಕೆ ಬಿಟ್ಟರೆ ಅದರಲ್ಲಿ ಸತ್ವ ಇರ್ತದಾ?’ ಇಬ್ಬರಿಗೂ ಏನು ಹೇಳಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಮೊದಲು ಅತ್ತೆಯವರ ಪ್ರಶ್ನೆ ತಂಗೀ, ಅದೇ ದೊಡ್ಡದು. ನಾನು ಕದ್ರಾ ವಿದ್ಯುದಾಗಾರದಲ್ಲಿ ಟರ್ಬೈನ್, ಅಂದರೆ ನೀರಿನ ರಭಸಕ್ಕೆ ತಿರುಗುವ ಚಕ್ರ, ನೋಡಿಕೊಳ್ಳುತ್ತಿದ್ದಾಗ ಬಂದ ರೈತರೂ ಇದನ್ನೇ ಕೇಳುತ್ತಿದ್ದರು. ಅದರಲ್ಲಿ ಅರ್ಧ ನಿಜವಿದೆ. ನೀರು ಒಂದನ್ನು ಕಳೆದುಕೊಳ್ಳುತ್ತದೆ: ಮೇಲಿಂದ ಬಿದ್ದ ರಭಸವನ್ನು. ನೀವು ನೋಡಿದ ಹೊಸಂಗಡಿಗೆ ಬರುವ ಮಾಣಿ ಜಲಾಶಯದ ನೀರು ಬಂಡೆಯೊಳಗಿನ ಕೊಳವೆಯಲ್ಲಿ 400 ಮೀಟರಿಗೂ ಹೆಚ್ಚು ಇಳಿದು, ಗಂಟೆಗೆ ಸುಮಾರು 300 ಕಿ.ಮೀ. ವೇಗದಲ್ಲಿ ಚಿಮ್ಮಿ, ಚಕ್ರದ ಸುತ್ತ ಜೋಡಿಸಿದ ಸೌಟಿನಂಥ ಬಟ್ಟಲುಗಳಿಗೆ ಬಡಿಯುತ್ತದೆ. ಬಡಿದ ಮೇಲೆ ಅದರ ರಭಸ ಹೆಚ್ಚೂಕಡಿಮೆ ಮುಗಿದೇಹೋಗುತ್ತದೆ. ಆ ರಭಸವೇ ಕರೆಂಟು. ಕರೆಂಟು ಹುಟ್ಟುವ ತಾಮ್ರದ ಸುರುಳಿಗಳಿಗೆ ಈ ನೀರು ತಾಗುವುದೂ ಇಲ್ಲ. ಚಕ್ರಕ್ಕೂ ಜನರೇಟರಿಗೂ ನಡುವೆ ಇರುವುದು ಉಕ್ಕಿನ ಶಾಫ್ಟ್ ಮಾತ್ರ. ಗಿಡಕ್ಕೆ ಬೇಕಾದ ಲವಣ ನೀರಿನಲ್ಲಿ ಹಾಗೆಯೇ ಇರುತ್ತದೆ. ಹೊಳೆಯ ಗೋಡುಮಣ್ಣು ಗದ್ದೆಗೆ ಮೊದಲಿನಷ್ಟು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದು ಸರಿಯಾದ ದೂರು. ಆದರೆ ಆ ಮಣ್ಣನ್ನು ಹಿಡಿದಿಟ್ಟದ್ದು ಅಣೆಕಟ್ಟು, ಟರ್ಬೈನ್ ಅಲ್ಲ.

ನಮ್ಮ ಕಾಳಿ ನದಿಯನ್ನೇ ನೋಡಿ. ಸೂಪಾದಲ್ಲಿ 100 ಮೆಗಾವಾಟ್ ಕೊಟ್ಟ ನೀರೇ ನಾಗಝರಿಯಲ್ಲಿ ಮತ್ತೆ ದುಡಿಯುತ್ತದೆ, ಕೊಡಸಳ್ಳಿಯಲ್ಲಿ 120, ಕದ್ರಾದಲ್ಲಿ 150. ಪ್ರತಿ ಸಲವೂ ಹೊಸದಾಗಿ ಇಳಿದು ಹೊಸ ರಭಸ ಪಡೆಯುತ್ತದೆ. ಆಮೇಲೆ ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಈ ಬೆಳಕಿಗಾಗಿ ಹಳೆಯ ಸೂಪಾ ಊರೇ ನೀರಡಿಗೆ ಹೋಯಿತು. ಅದನ್ನೂ ಮಗನಿಗೆ ಹೇಳಿ. ಮೆಗಾವಾಟ್ ಲೆಕ್ಕ ಮಾತ್ರ ಹೇಳಿ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಮಗನ ಪ್ರಶ್ನೆ. ನೀರಿನ ಎತ್ತರ ಪ್ರತಿ 10 ಮೀಟರ್ ಹೆಚ್ಚಿದಂತೆ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ ಸೇರುತ್ತದೆ. 400 ಮೀಟರಿಗೆ 40 ಕಿಲೋ, ಅದೂ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ! ಗಟ್ಟಿ ಬಂಡೆಯೊಳಗೆ ಕೊಳವೆ ಇಟ್ಟರೆ ಆ ಒತ್ತಡದಲ್ಲಿ ಬಂಡೆಯೂ ಪಾಲು ಹೊರುತ್ತದೆ. ಘಟ್ಟದ ಮಳೆ, ಗುಡ್ಡ ಕುಸಿತದ ಭಯವೂ ಕಡಿಮೆ. ಕಡಿದಾದ ಘಟ್ಟದ ಬುಡದಲ್ಲಿ 115 ಮೆಗಾವಾಟಿನ ನಾಲ್ಕು ಯಂತ್ರ ಕೂರಿಸುವಷ್ಟು ಸಮತಟ್ಟು ಜಾಗ ಸಿಗುವುದೂ ಕಷ್ಟ. ಹಾಗೆಂದು ಎಲ್ಲ ಕಡೆ ಕೊರೆಯಲೇಬೇಕೆಂದಿಲ್ಲ. ಶರಾವತಿಯಲ್ಲಿ ಹತ್ತು ದೈತ್ಯ ಪೈಪುಗಳು ಗುಡ್ಡದ ಮೈಮೇಲೇ ಇಳಿದಿವೆ. ಒಳಗೋ ಹೊರಗೋ ಎಂಬುದು ಆಯಾ ಜಾಗದ ಬಂಡೆ ಮತ್ತು ಇಳಿಜಾರು ನೋಡಿ ಆಗುವ ತೀರ್ಮಾನ.

ಅತ್ತೆಯವರಿಗೆ ನನ್ನ ಮಾತು ಸಾಲದಿದ್ದರೆ ಕುಂದಾಪುರ ಕಡೆಯ ಸಿದ್ದಾಪುರಕ್ಕೆ ಕರೆದುಕೊಂಡು ಹೋಗಿ. ಹೊಸಂಗಡಿಯಲ್ಲಿ ಕರೆಂಟು ಕೊಟ್ಟು ಹೊರಬಿದ್ದ ನೀರನ್ನು ಅಲ್ಲಿ ತಡೆದು ವಾರಾಹಿ ಕಾಲುವೆಗೆ ತಿರುಗಿಸಿದ್ದಾರೆ. ಆ ನೀರು ಉಣ್ಣುವ ಬೆಳೆಯನ್ನು ಅವರೇ ಕಣ್ಣಾರೆ ನೋಡಲಿ.