ಕಿಡ್ನಿ ಕಸಿಯಾದವರನ್ನು ನಾಯಿ ಪರಚಿದರೆ ಎರಡು ಸೂಜಿಗೆ ನಿಲ್ಲಿಸಬೇಡಿ

ನಾಯಿ ಕಚ್ಚಿದ ಕರುವಿನ ಗಾಯಕ್ಕೆ ಏನು ಮಾಡಬೇಕು ಎಂದು ಗುಂಪಿನಲ್ಲಿ ಒಬ್ಬರು ಕೇಳಿದ್ದಕ್ಕೆ ಎಲ್ಲರೂ ಉತ್ತರಿಸಿದ್ದೀರಿ. ಆದರೆ ಪ್ರಶ್ನೆಯ ಕೊನೆಯ ಸಾಲುಗಳು ಯಾರ ಕಣ್ಣಿಗೂ ಬಿದ್ದಂತಿಲ್ಲ. ಕರುವನ್ನು ಕಚ್ಚಿದ ಬೀದಿನಾಯಿಯನ್ನು ಓಡಿಸುವಾಗ ಅದು ಪ್ರಶ್ನೆ ಕೇಳಿದವರ ತಮ್ಮನ ಮುಂಗೈಯನ್ನೂ ಪರಚಿದೆ. ತಮ್ಮನಿಗೆ ಎರಡು ವರ್ಷದ ಹಿಂದೆ ಕಿಡ್ನಿ ಕಸಿಯಾಗಿದೆ. ಆರೋಗ್ಯ ಕೇಂದ್ರದಲ್ಲಿ ಎರಡು ಸಲ ಚರ್ಮದೊಳಗೆ ಸೂಜಿ ಹಾಕಿದ್ದಾರೆ. ರಕ್ತ ಬಂದಿಲ್ಲವಾದ್ದರಿಂದ ಉಳಿದ ಸೂಜಿ ಬೇಡವೆಂದುಕೊಂಡಿದ್ದೇವೆ ಎಂದು ಅವರು ಬರೆದಿದ್ದಾರೆ. ಅದರ ಕೆಳಗೆ ಇನ್ನೊಬ್ಬರು, ಲಸಿಕೆ ಮೈಗೆ ಹತ್ತಬೇಕಾದರೆ ಕಸಿಯ ಮಾತ್ರೆಯನ್ನು ಒಂದು ವಾರ ನಿಲ್ಲಿಸಿ ಎಂದು ಸಲಹೆ ಕೊಟ್ಟಿದ್ದಾರೆ. ಎರಡೂ ತಪ್ಪು. ಎರಡನೆಯದು ಅಪಾಯಕಾರಿ ತಪ್ಪು.

ಪ್ರಶ್ನೆ ಕೇಳಿದವರಿಗೆ ಮೊದಲು ಅವಸರದ ಮಾತು. ನೀವು ಕೊಟ್ಟ ದಿನಾಂಕದ ಪ್ರಕಾರ ನಾಳೆಗೆ ಏಳನೆಯ ದಿನ. ಸೀರಂ, ಅಂದರೆ ರೇಬೀಸ್ ವಿರುದ್ಧ ತಯಾರಾದ ಪ್ರತಿಕಾಯ (ಆಂಟಿಬಾಡಿ) ಇರುವ ರೇಬೀಸ್ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು, ಹಾಕಿಸಲು ಮೊದಲ ಲಸಿಕೆಯಿಂದ ಏಳು ದಿನದವರೆಗೆ ಮಾತ್ರ ಅವಕಾಶ. ಹಾಗಾಗಿ ನಾಳೆ ಬೆಳಿಗ್ಗೆ ಹಾಲು ಡೈರಿಗೆ ಹಾಕಿ ಆಮೇಲೆ ನೋಡೋಣ ಎನ್ನಬೇಡಿ. ಇವತ್ತೇ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಫೋನ್ ಮಾಡಿ ಸೀರಂ ಇದೆಯೇ ಎಂದು ಕೇಳಿ. ಜೊತೆಗೆ ತಮ್ಮನ ನೆಫ್ರಾಲಜಿ (ಕಿಡ್ನಿ) ವೈದ್ಯರಿಗೂ ತಿಳಿಸಿ. ನಾಳೆ ಹೋದಾಗ ಬಾಯಿ ತೆರೆದ ತಕ್ಷಣ ಹೇಳಬೇಕಾದದ್ದು "ನಾಯಿ ಪರಚಿದೆ" ಎಂದಲ್ಲ, "ಕಿಡ್ನಿ ಕಸಿಯಾಗಿದೆ, ಇಂತಿಂಥ ಮಾತ್ರೆ ತಿನ್ನುತ್ತಿದ್ದಾನೆ, ನಾಯಿ ಪರಚಿದೆ" ಎಂದು.

ನಮ್ಮ ಮನೆಯಲ್ಲಿ ಆದ ತಪ್ಪು ಇದೇ. ನನ್ನ ಅಣ್ಣನಿಗೂ ಕಸಿಯಾಗಿತ್ತು, ಅವನನ್ನೂ ನಾಯಿ ಪರಚಿತ್ತು. ಕೌಂಟರಿನಲ್ಲಿ ನಾಯಿಯ ವಿಷಯ ಮಾತ್ರ ಹೇಳಿದೆವು. ಅವರು ಎಲ್ಲರಿಗೂ ಹಾಕುವಂತೆ ಎರಡು ತೋಳಿಗೂ ಚರ್ಮದೊಳಗೆ ಹಾಕಿ ಚೀಟಿ ಕೊಟ್ಟರು. ಸೀರಂ ಮಾತೇ ಬರಲಿಲ್ಲ, ಏಕೆಂದರೆ ರಕ್ತ ಬರದ ಪರಚು ಗಾಯ ಎರಡನೆಯ ವರ್ಗಕ್ಕೆ ಸೇರುತ್ತದೆ, ಆರೋಗ್ಯವಂತರಿಗೆ ಆ ವರ್ಗದಲ್ಲಿ ಸೀರಂ ಬೇಕಿಲ್ಲ. ಸೂಜಿಗಳೆಲ್ಲ ಮುಗಿದ ಮೇಲೆ, ತಿಂಗಳ ತಪಾಸಣೆಗೆ ಹೋದಾಗ ಬೇರೇನೋ ಮಾತಿನ ನಡುವೆ ಈ ಸಂಗತಿ ಹೊರಬಂತು. ನೆಫ್ರಾಲಜಿ ವೈದ್ಯರು ಪೆನ್ನು ಕೆಳಗಿಟ್ಟು ಪ್ರತಿಕಾಯ ಪರೀಕ್ಷೆಗೆ ಬರೆದರು. ರಕ್ತದಲ್ಲಿ ಮಿಲಿಲೀಟರಿಗೆ ಕನಿಷ್ಠ 0.5 ಐಯು (ಅಂತರರಾಷ್ಟ್ರೀಯ ಘಟಕ) ಇರಬೇಕಾದದ್ದು ಅವನಲ್ಲಿ ಅದಕ್ಕಿಂತ ಕಡಿಮೆ ಇತ್ತು. ಚೀಟಿಯಲ್ಲಿ ಎಲ್ಲ ಮನೆಗಳಿಗೂ ಟಿಕ್ ಬಿದ್ದಿತ್ತು, ಮೈಯಲ್ಲಿ ರಕ್ಷಣೆ ಇರಲಿಲ್ಲ. ಮತ್ತೆ ಸ್ನಾಯುವಿಗೆ ಹಾಕಿಸಿ, ಮತ್ತೆ ಪರೀಕ್ಷೆ ಮಾಡಿಸಿ, ಅಂಕಿ ಮೇಲೆ ಬರುವವರೆಗೆ ಅತ್ತಿಗೆ ನಿದ್ದೆ ಮಾಡಲಿಲ್ಲ. ರೇಬೀಸ್ ಒಮ್ಮೆ ಲಕ್ಷಣ ತೋರಿಸಿತೆಂದರೆ ಮುಗಿಯಿತು, ಅದಕ್ಕೆ ಔಷಧಿ ಇಲ್ಲ. ಆ ಭಯ ಹೊತ್ತು ಕಾಯುವುದು ಯಾರಿಗೂ ಬೇಡ.

ನಮ್ಮ ದೇಶದ ಮಾರ್ಗಸೂಚಿಯಲ್ಲಿಯೇ ಇದು ಸ್ಪಷ್ಟವಾಗಿದೆ. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಎರಡನೆಯ ವರ್ಗವಿರಲಿ, ರಕ್ತ ಬಂದ ಗಾಯದ ಮೂರನೆಯದಿರಲಿ, ಸೀರಂ ಕೊಡಬೇಕು. ಲಸಿಕೆಯನ್ನು ಸ್ನಾಯುವಿಗೆ 0, 3, 7, 14, 28ನೆಯ ದಿನ ಪೂರ್ತಿ ಐದು ಸಲ ಹಾಕಬೇಕು. ಸಾಧ್ಯವಿದ್ದಲ್ಲಿ ಕೋರ್ಸ್ ಮುಗಿದ 14 ದಿನಗಳ ನಂತರ ಪ್ರತಿಕಾಯ ನೋಡಬೇಕು. ತಮ್ಮನಿಗೆ ಈಗಾಗಲೇ ಚರ್ಮದೊಳಗೆ ಹಾಕಿರುವುದರಿಂದ ಮೊದಲಿನಿಂದ ಶುರು ಮಾಡಬೇಕೋ, ಮುಂದುವರಿಸಬೇಕೋ ಎಂಬುದನ್ನು ವೈದ್ಯರು ತೀರ್ಮಾನಿಸಲಿ. ಆ ವಿಷಯದಲ್ಲಿ ಗುಂಪಿನ ಅಭಿಪ್ರಾಯಕ್ಕೆ ಬೆಲೆ ಇಲ್ಲ, ನನ್ನದಕ್ಕೂ ಇಲ್ಲ. ಸೂಜಿ ತೋಳಿನ ಸ್ನಾಯುವಿಗೇ ಬೀಳಬೇಕು. ಪೃಷ್ಠಕ್ಕೆ ಹಾಕಿದರೆ ಕೊಬ್ಬಿನಲ್ಲಿ ಉಳಿದು ಫಲ ಕೊಡುವುದಿಲ್ಲ, ಯಾರಾದರೂ ಹಾಗೆ ಹಾಕಲು ಹೊರಟರೆ ತಡೆಯಿರಿ.

ಟೈಟರ್, ಅಂದರೆ ರಕ್ತದಲ್ಲಿ ಪ್ರತಿಕಾಯದ ಪ್ರಮಾಣ ನೋಡುವ ಪರೀಕ್ಷೆ ಎಲ್ಲಿ ಎಂದು ಕೇಳುತ್ತೀರಿ. ಬೆಂಗಳೂರಿನ ನಿಮ್ಹಾನ್ಸ್‌ನ ನ್ಯೂರೋವೈರಾಲಜಿ ವಿಭಾಗದಲ್ಲಿ ಮಾಡುತ್ತಾರೆ, ಅದು ರೇಬೀಸ್ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗಿ ಕೇಂದ್ರ. ರೋಗಿಯೇ ಅಲ್ಲಿಗೆ ಹೋಗಬೇಕಾಗಿಲ್ಲ, ರಕ್ತದ ಮಾದರಿಯನ್ನು ಹೇಗೆ ಕಳಿಸಬೇಕು ಎಂದು ನಿಮ್ಮ ವೈದ್ಯರ ಮೂಲಕ ವಿಚಾರಿಸಿ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಬಿಡಬಾರದ ಹೆಜ್ಜೆ ಇದೊಂದೇ. ಕಸಿಯಾದವರ ಲಸಿಕೆ ಚೀಟಿಯನ್ನು ನಾನು ನಂಬುವುದಿಲ್ಲ, ಟೈಟರ್ ವರದಿಯನ್ನು ನಂಬುತ್ತೇನೆ.

ಹೀಗೇಕೆ ಎಂದು ಕೇಳಿದವರಿಗೆ: ಕಸಿಯಾದ ಕಿಡ್ನಿ ಉಳಿಯುವುದೇ ದೇಹದ ಕಾವಲು ಪಡೆಯನ್ನು ಮಾತ್ರೆಗಳಿಂದ ತಡೆದು ನಿಲ್ಲಿಸಿರುವುದರಿಂದ. ಟ್ಯಾಕ್ರೊಲಿಮಸ್ ಎಂಬ ಮಾತ್ರೆ ಟಿ ಕಣಗಳು (ಕಾವಲು ಕಾಯುವ ಬಿಳಿ ರಕ್ತಕಣಗಳ ಒಂದು ಬಗೆ) ಎಚ್ಚರಗೊಳ್ಳದಂತೆ ನೋಡಿಕೊಳ್ಳುತ್ತದೆ. ಮೈಕೋಫಿನೊಲೇಟ್ ಟಿ ಮತ್ತು ಬಿ ಕಣಗಳು ಸಂಖ್ಯೆಯಲ್ಲಿ ಹೆಚ್ಚಾಗದಂತೆ ಮಾಡುತ್ತದೆ. ಪ್ರತಿಕಾಯ ತಯಾರಿಸುವುದು ಬಿ ಕಣಗಳ ಕೆಲಸ, ಅವು ಹೆಚ್ಚದಿದ್ದರೆ ಲಸಿಕೆ ಹಾಕಿಯೂ ಪ್ರತಿಕಾಯ ಬರುವುದು ಕಡಿಮೆ. ಕೋವಿಡ್ ಕಾಲದಲ್ಲಿ ಇದು ಅಂಕಿಗಳಲ್ಲಿ ಕಾಣಿಸಿತು. 2021ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ಅಂಗ ಕಸಿಯಾದ 436 ಜನರನ್ನು ಪರೀಕ್ಷಿಸಿದಾಗ, ಎಂಆರ್‌ಎನ್‌ಎ ಬಗೆಯ ಕೋವಿಡ್ ಲಸಿಕೆಯ ಮೊದಲ ಡೋಸ್ ಆದ ಮೇಲೆ ಶೇ 17 ಮಂದಿಯಲ್ಲಿ ಮಾತ್ರ ಪ್ರತಿಕಾಯ ಕಂಡಿತು. ಎರಡನೆಯ ಡೋಸ್ ನಂತರವೂ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನರಲ್ಲಷ್ಟೇ. ಫ್ರಾನ್ಸಿನ ಟುಲೂಸ್‌ನಲ್ಲಿ ಮೂರನೆಯ ಡೋಸ್‌ಗೆ ಮೊದಲು ಪ್ರತಿಕಾಯ ಇದ್ದವರು ಶೇ 40 ಇದ್ದದ್ದು, ಅದಾದ ನಾಲ್ಕು ವಾರಕ್ಕೆ ಶೇ 68ಕ್ಕೆ ಏರಿತು. ಅದರಿಂದ ನಾನು ತಿಳಿದುಕೊಂಡದ್ದು: ಇವರ ದೇಹ ಲಸಿಕೆಗೆ ಸ್ಪಂದಿಸುವುದೇ ಇಲ್ಲ ಎಂದಲ್ಲ, ನಿಧಾನವಾಗಿ ಸ್ಪಂದಿಸುತ್ತದೆ, ಹೆಚ್ಚು ಸಲ ಕೇಳುತ್ತದೆ. "ಹೇಗೂ ಹತ್ತುವುದಿಲ್ಲ, ಹಾಕಿಸಿ ಏನು ಪ್ರಯೋಜನ" ಎನ್ನುವವರೂ, "ಎರಡು ಸೂಜಿ ಸಾಕು" ಎನ್ನುವವರೂ ಒಂದೇ ಹಳ್ಳಕ್ಕೆ ಬೀಳುತ್ತಾರೆ.

ಇನ್ನು ಮಾತ್ರೆ ನಿಲ್ಲಿಸುವ ಸಲಹೆ. ಬರೆದವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ದಯವಿಟ್ಟು ಅದನ್ನು ಅಳಿಸಿ. ನೆದರ್ಲೆಂಡ್ಸ್‌ನಲ್ಲಿ ವೈದ್ಯರ ಕಣ್ಗಾವಲಿನಲ್ಲಿಯೇ ಕೋವಿಡ್ ಲಸಿಕೆಗೆ ಒಂದು ವಾರ ಮುಂಚಿನಿಂದ ಒಂದು ವಾರ ನಂತರದವರೆಗೆ ಮೈಕೋಫಿನೊಲೇಟ್ ನಿಲ್ಲಿಸಿ ನೋಡಿದ್ದಾರೆ. 2023ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನಿಲ್ಲಿಸಿದವರಿಗೂ ನಿಲ್ಲಿಸದವರಿಗೂ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ಲಾಭ ಖಚಿತವಿಲ್ಲದ ಕೆಲಸಕ್ಕೆ ಯಾರೋ ಕೊಟ್ಟ ಕಿಡ್ನಿಯನ್ನು ಪಣಕ್ಕೆ ಇಡುವುದೇ? ಕಸಿಯ ಮಾತ್ರೆ ರೆನೋಡ್ಯಾಪ್ಟ್ ಇರಲಿ, ಪ್ಯಾನ್‌ಗ್ರಾಫ್ ಇರಲಿ, ವೈಸೋಲೋನ್ ಇರಲಿ, ನೆಫ್ರಾಲಜಿ ವೈದ್ಯರು ಹೇಳದೆ ಒಂದು ಹೊತ್ತಿನದೂ ತಪ್ಪಬಾರದು. ಇದೇ ಜಾಗದಲ್ಲಿ ಇನ್ನೊಂದು: ಟ್ಯಾಕ್ರೊಲಿಮಸ್ ಬ್ರ್ಯಾಂಡನ್ನು ಅಂಗಡಿಯವನ ಮಾತು ಕೇಳಿ ಬದಲಿಸಬೇಡಿ. ಯಾವ ಬ್ರ್ಯಾಂಡ್ ಎಂಬುದು ಮುಖ್ಯವಲ್ಲ, ಒಂದಕ್ಕೇ ಅಂಟಿಕೊಳ್ಳುವುದು ಮುಖ್ಯ. ಬದಲಾದರೆ ರಕ್ತದಲ್ಲಿನ ಮಟ್ಟ ನೋಡಿಸಲೇಬೇಕು. ಲಸಿಕೆ ಹಾಕಿಸಿದರೆ ದೇಹ ಕಿಡ್ನಿಯನ್ನು ತಿರಸ್ಕರಿಸುತ್ತದೆ ಎಂಬ ಮಾತೂ ಹಳ್ಳಿಗಳಲ್ಲಿ ಓಡಾಡುತ್ತದೆ. ಅದಕ್ಕೆ ಆಧಾರವಿಲ್ಲ.

ರೇಬೀಸ್ ಲಸಿಕೆಯ ಬ್ರ್ಯಾಂಡ್ ಬಗ್ಗೆ ಕೇಳಿದವರಿಗೆ: ಅಭಯ್‌ರಾಬ್, ರೇಬಿವ್ಯಾಕ್ಸ್-ಎಸ್, ರೇಬಿಪುರ್ ಎಲ್ಲವೂ ಕೋಶಗಳಲ್ಲಿ ಬೆಳೆಸಿದ ನಿಷ್ಕ್ರಿಯ (ಜೀವಂತ ವೈರಸ್ ಇಲ್ಲದ) ಲಸಿಕೆಗಳು, ಕಸಿಯಾದವರಿಗೆ ಸುರಕ್ಷಿತ. ದುಬಾರಿಯದು ಸಿಗಲೆಂದು ಎರಡು ದಿನ ಕಾಯುವುದು ಮೂರ್ಖತನ. ಶೀತಲೀಕರಣ ಸರಿಯಾಗಿರುವ ಆಸ್ಪತ್ರೆಯಲ್ಲಿ ಸಿಕ್ಕಿದ್ದನ್ನು ಹಾಕಿಸಿ. ಸೀರಂನಲ್ಲಿ ಕುದುರೆಯಿಂದ ತಯಾರಿಸಿದ್ದು ಕಿಲೋ ತೂಕಕ್ಕೆ 40 ಐಯು, ಮನುಷ್ಯ ರಕ್ತದಿಂದ ತೆಗೆದದ್ದು 20 ಐಯು. ರೇಬಿಶೀಲ್ಡ್‌ನಂಥ ಮೊನೊಕ್ಲೋನಲ್ (ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರತಿಕಾಯ) ಔಷಧಿಯೂ ಬಂದಿದೆ. ಯಾವುದಾದರೂ ಸರಿ, ಗಾಯದ ಸುತ್ತ ಹೋಗಬೇಕು. ಇಂಥ ರೋಗಿಯಲ್ಲಿ ಲಸಿಕೆಯ ಪ್ರತಿಕಾಯ ಯಾವಾಗ ಬರುತ್ತದೋ, ಎಷ್ಟು ಬರುತ್ತದೋ ಹೇಳಲಾಗದು. ಸೀರಂ ಹೊರಗಿನಿಂದ ತಯಾರಾಗಿ ಬಂದ ಪ್ರತಿಕಾಯ, ಅದಕ್ಕಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ತೋಳು ನೋವು, ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಕಿಡ್ನಿಗೆ ವಿಷ. ಆ್ಯಂಟಿಬಯಾಟಿಕ್ ಬರೆದರೆ ಟ್ಯಾಕ್ರೊಲಿಮಸ್ ತಿನ್ನುತ್ತಿದ್ದಾನೆ ಎಂದು ಹೇಳಿ. ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್ ಅದರ ಮಟ್ಟವನ್ನು ಏರಿಸಿಬಿಡುತ್ತವೆ.

ಗಾಯಕ್ಕೆ ಅರಿಶಿನ, ಸುಣ್ಣ ಹಚ್ಚಿದ್ದೀರೆಂದೂ ಬರೆದಿದ್ದೀರಿ. ಇಷ್ಟು ವರ್ಷ ಪ್ರಚಾರ ಮಾಡಿದರೂ ಇದು ನಿಲ್ಲಲಿಲ್ಲವಲ್ಲ ಎಂದು ಸಂಕಟವಾಗುತ್ತದೆ. ಹರಿಯುವ ನೀರು, ಸೋಪು, ಹದಿನೈದು ನಿಮಿಷ. ಆಮೇಲೆ ಪೋವಿಡೋನ್ ಅಯೋಡಿನ್. ಬೇರೇನೂ ಇಲ್ಲ.

ಕರುವಿನ ಕಡೆ ಬರೋಣ. ಪಶುವೈದ್ಯರು ಕಚ್ಚಿದ ನಂತರದ ಲಸಿಕೆ ಶುರು ಮಾಡಿದ್ದಾರೆ ಎಂದಿದ್ದೀರಿ, ಒಳ್ಳೆಯದು, ಪೂರ್ತಿ ಮುಗಿಸಿ. ಆದರೆ ಆ ಕರುವಿನ ಹತ್ತಿರ ತಮ್ಮ ಹೋಗಬಾರದು. ಕರು ಜೊಲ್ಲು ಸುರಿಸಿ ಮೇವು ನುಂಗಲು ಒದ್ದಾಡಿದರೆ ಗಂಟಲಿಗೆ ಏನೋ ಸಿಕ್ಕಿದೆ ಎಂದು ಬಾಯೊಳಗೆ ಕೈ ಹಾಕುವುದು ನಮ್ಮೆಲ್ಲರ ಅಭ್ಯಾಸ. ರೇಬೀಸ್ ಬಂದ ದನವೂ ಹಾಗೆಯೇ ಕಾಣುತ್ತದೆ. ಯಾರೂ ಕೈ ಹಾಕಬೇಡಿ, ವೈದ್ಯರನ್ನು ಕರೆಯಿರಿ. ಅಕಸ್ಮಾತ್ ಸತ್ತರೆ ಸುಮ್ಮನೆ ಹೂಳುವ ಮೊದಲು ಪಶುವೈದ್ಯರ ಮೂಲಕ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯಕ್ಕೆ ಮಾದರಿ ಹೋಗಲಿ. ಕೊಟ್ಟಿಗೆಯ ಹಾಲನ್ನು ಕಾಯಿಸದೆ ಯಾರೂ ಕುಡಿಯಬೇಡಿ. ತಮ್ಮನಿಗಂತೂ ಹಸಿ ಹಾಲು ಎಂದೆಂದಿಗೂ ಬೇಡ.

ಕೊಟ್ಟಿಗೆಯ ಇನ್ನೊಂದು ಲಸಿಕೆಯ ಬಗ್ಗೆಯೂ ಎಚ್ಚರ. ಕಾಲುಬಾಯಿ ರೋಗದ ಲಸಿಕೆ ನಿಷ್ಕ್ರಿಯವಾದದ್ದು, ಅದರಿಂದ ಮನುಷ್ಯರಿಗೆ ಸೋಂಕು ಬರುವುದಿಲ್ಲ. ಆದರೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಹಾಕುವ ಕಂದು ರೋಗದ (ಬ್ರುಸೆಲ್ಲೋಸಿಸ್) ಲಸಿಕೆ, ಎಸ್-19, ಜೀವಂತ ಬ್ಯಾಕ್ಟೀರಿಯ. ಅದು ಮನುಷ್ಯರಿಗೂ ತಗಲುತ್ತದೆ. ಕರು ಒದ್ದು ಸೂಜಿ ಕೈಗೆ ಚುಚ್ಚಿದ ಪ್ರಸಂಗಗಳಿವೆ. ಆ ದಿನ ಕರು ಹಿಡಿಯಲು ಬೇರೆ ಯಾರಾದರೂ ಇರಲಿ. ಹಸು ಕಂದು ಹಾಕಿದಾಗ (ಗರ್ಭ ಕಳೆದುಕೊಂಡಾಗ) ಸತ್ತೆ (ಮಾಸು) ಎತ್ತುವ ಕೆಲಸವೂ ತಮ್ಮನದಲ್ಲ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಬಾಯಿಗೆ ಹಾಕುವ ಪೋಲಿಯೊ ಹನಿಯಲ್ಲಿ ಜೀವಂತ ವೈರಸ್ ಇದೆ, ಮಗುವಿನ ಮಲದಲ್ಲಿ ಕೆಲವು ವಾರ ಹೊರಬೀಳುತ್ತದೆ. ಮಗುವಿಗೆ ಲಸಿಕೆ ತಪ್ಪಿಸಬೇಡಿ, ವೈದ್ಯರಿಗೆ ಕಸಿಯ ವಿಷಯ ತಿಳಿಸಿ ಚುಚ್ಚುಮದ್ದಿನ ಪೋಲಿಯೊ ಲಸಿಕೆ ಸಾಕೇ ಎಂದು ಕೇಳಿ. ಮಗುವಿನ ಬಟ್ಟೆ ಬದಲಿಸುವುದು ಬೇರೆಯವರು ನೋಡಿಕೊಳ್ಳಲಿ. ತಮ್ಮನಿಗೆ ಪ್ರತಿ ವರ್ಷ ಫ್ಲೂ ಸೂಜಿ, ನ್ಯುಮೋಕಾಕಲ್ ಲಸಿಕೆ, ಹತ್ತು ವರ್ಷಕ್ಕೊಮ್ಮೆ ಟಿಡಿ (ಧನುರ್ವಾಯು, ಡಿಫ್ತೀರಿಯಾ ಲಸಿಕೆ) ಆಗಿವೆಯೇ ಎಂದು ಈ ನೆಪದಲ್ಲಿ ಕೇಳಿಬಿಡಿ. ಸಗಣಿ, ಮಣ್ಣು, ತಂತಿಬೇಲಿಗಳ ನಡುವೆ ಕೆಲಸ ಮಾಡುವವನಿಗೆ ಧನುರ್ವಾಯು ದೂರದ ಮಾತಲ್ಲ.

ಗುಂಪಿನಲ್ಲಿ ಡಯಾಲಿಸಿಸ್‌ನಲ್ಲಿದ್ದು ಕಸಿಗೆ ಕಾಯುತ್ತಿರುವವರು ಇಬ್ಬರು ಮೂವರು ಇದ್ದೀರಿ, ನಿಮಗೂ ಹೇಳುವುದಿದೆ. ಆಪರೇಷನ್ ಆಗಲಿ, ಆಮೇಲೆ ಲಸಿಕೆ ನೋಡೋಣ ಎನ್ನಬೇಡಿ. ಆಮೇಲೆ ದೇಹ ಇಷ್ಟೂ ಸ್ಪಂದಿಸುವುದಿಲ್ಲ. ಹೆಪಟೈಟಿಸ್ ಬಿ ಲಸಿಕೆ ನಿಮಗೆ ಎರಡು ಪಟ್ಟು ಪ್ರಮಾಣದಲ್ಲಿ, 40 ಮೈಕ್ರೊಗ್ರಾಂ, ಸಾಮಾನ್ಯವಾಗಿ 0, 1, 2, 6ನೆಯ ತಿಂಗಳು. ಮುಗಿದ ಒಂದೆರಡು ತಿಂಗಳಿಗೆ ಟೈಟರ್ ಮಿಲಿಲೀಟರಿಗೆ 10 ಮಿಲಿ-ಐಯುಗಿಂತ ಮೇಲಿದೆಯೇ ನೋಡಿ. ಸೀತಾಳೆ ಸಿಡುಬು (ಚಿಕನ್ ಪಾಕ್ಸ್) ಬಂದಿಲ್ಲದವರಿಗೆ ವ್ಯಾರಿಸೆಲ್ಲಾದಂಥ ಜೀವಂತ ಲಸಿಕೆ ಬೇಕಿದ್ದರೆ ಕಸಿಗೆ ಕನಿಷ್ಠ ನಾಲ್ಕು ವಾರ ಮೊದಲೇ ಮುಗಿಯಬೇಕು, ನಂತರ ಅದನ್ನು ಕೊಡುವಂತಿಲ್ಲ. ದನ, ನಾಯಿಗಳ ನಡುವೆ ಬದುಕುವವರು ರೇಬೀಸ್‌ನ ಮುಂಜಾಗ್ರತಾ ಲಸಿಕೆಯನ್ನೂ ಈಗಲೇ ಕೇಳಿ ಹಾಕಿಸಿಕೊಳ್ಳಿ. ಅದು ಆಗಿದ್ದರೂ, ಕಸಿಯ ನಂತರ ನಾಯಿ ಕಚ್ಚಿದರೆ ಸೀರಂ ಸಮೇತ ಪೂರ್ತಿ ಕೋರ್ಸ್ ಬೇಕೇಬೇಕು. ಮೊದಲೇ ಹಾಕಿಸಿದ್ದೇನೆ ಎಂದು ಮನೆಯಲ್ಲಿ ಕೂರುವಂತಿಲ್ಲ.