ಓದುಗರ ಪ್ರಶ್ನೆ, ನಮ್ಮ ಉತ್ತರ: ಎಫ್‌ಪಿಜಿಎ ಮೇಲೆ ಆರ್‌ಟಿಓಎಸ್

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇವೆ: ನಮಗೆ ಬೇಕಾದಂತೆ ಒಳಗಿನ ಸರ್ಕ್ಯೂಟ್ ಕಟ್ಟಿಕೊಳ್ಳಬಹುದಾದ ಎಫ್‌ಪಿಜಿಎ ಚಿಪ್ಪಿನ ಮೇಲೆ, ಗಡುವಿಗೆ ಸರಿಯಾಗಿ ಕೆಲಸ ಮುಗಿಸಬೇಕಾದ ಆಪರೇಟಿಂಗ್ ಸಿಸ್ಟಂ, ಅಂದರೆ ಆರ್‌ಟಿಓಎಸ್, ಓಡಿಸುವುದು. ಆದ್ದರಿಂದ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ.

ಪ್ರಶ್ನೆ: ನನ್ನ ಹತ್ತಿರ ಆರ್ಟಿಕ್ಸ್-7 35ಟಿ ಚಿಪ್ ಇರುವ ಬೋರ್ಡ್ ಇದೆ. ಅದರ ಮೇಲೆ ಫ್ರೀಆರ್‌ಟಿಓಎಸ್ ಓಡಿಸುತ್ತೇನೆ ಎಂದರೆ ಸಹಪಾಠಿಗಳು ನಗುತ್ತಾರೆ. ‘ಪ್ರೊಸೆಸರೇ ಇಲ್ಲದ ಚಿಪ್ಪಿಗೆ ಆಪರೇಟಿಂಗ್ ಸಿಸ್ಟಂ ಎಲ್ಲಿಂದ ಬಂತು’ ಎನ್ನುತ್ತಾರೆ. ಏನು ಹೇಳಲಿ?
— ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿನಿ

ಉತ್ತರ: ಅವರು ಸುಳ್ಳು ಹೇಳುತ್ತಿಲ್ಲ, ಅರ್ಧ ಹೇಳುತ್ತಿದ್ದಾರೆ. ನಿಮ್ಮ ಚಿಪ್ಪಿನಲ್ಲಿ ಪ್ರೊಸೆಸರ್ ಇಲ್ಲ. ಆದರೆ ಪ್ರೊಸೆಸರ್ ಎಂಬುದೂ ಗೇಟು, ಫ್ಲಿಪ್-ಫ್ಲಾಪುಗಳ ಜೋಡಣೆಯೇ ತಾನೆ? ಅದನ್ನು ಎಫ್‌ಪಿಜಿಎ ಒಳಗೇ ಕಟ್ಟಿಕೊಂಡರೆ ಅದೇ ಸಾಫ್ಟ್ ಕೋರ್. 1985ರ ಎಕ್ಸ್‌ಸಿ2064 ಚಿಪ್ಪಿನಲ್ಲಿ ಇದ್ದದ್ದೇ 64 ತರ್ಕ ಖಾನೆಗಳು. ನಿಮ್ಮದರಲ್ಲಿ 20,800 ಎಲ್‌ಯುಟಿಗಳಿವೆ (ಎಲ್‌ಯುಟಿ ಎಂದರೆ ಪುಟ್ಟ ತರ್ಕ ಕೋಷ್ಟಕ). ಸಾಧಾರಣ 32 ಬಿಟ್ ಕೋರ್ ಒಂದಕ್ಕೆ ಅದರಲ್ಲಿ ಒಂದೆರಡು ಸಾವಿರ ಸಾಕು. ತಯಾರಕರೇ ಕೊಡುವ ಮೈಕ್ರೋಬ್ಲೇಝ್ ಇದೆ; ಮುಕ್ತ ಆಕರದ ರಿಸ್ಕ್-ವಿ ಕೋರ್‌ಗಳಾದ ವೆಕ್ಸ್‌ರಿಸ್ಕ್‌ವಿ, ನಿಯೋಆರ್‌ವಿ32 ಇವೆ. ಒಳಗೆ ಏನು ನಡೆಯುತ್ತಿದೆ ಎಂದು ಇಣುಕಿ ನೋಡುವ ಚಪಲ ಇದ್ದರೆ ಮುಕ್ತ ಆಕರದ್ದನ್ನೇ ಹಿಡಿಯಿರಿ. ನಾನಂತೂ ಅದನ್ನೇ ಹಿಡಿಯುತ್ತೇನೆ.

ಫ್ರೀಆರ್‌ಟಿಓಎಸ್ ಕೇಳುವುದು ಬಹಳ ಕಡಿಮೆ. ನಿಗದಿತ ಅವಧಿಗೊಮ್ಮೆ ಇಂಟರಪ್ಟ್ (ಓಡುತ್ತಿರುವ ಕೆಲಸ ನಿಲ್ಲಿಸಿ ಕೋರನ್ನು ಕರೆಯುವ ಸಂಕೇತ) ಕೊಡುವ ಒಂದು ಟೈಮರ್ ಬೇಕು, ಒಂದು ಟಾಸ್ಕ್‌ನ (ಸರದಿಯಲ್ಲಿ ಓಡುವ ಕೆಲಸದ) ರಿಜಿಸ್ಟರುಗಳನ್ನು ಅದರ ಸ್ಟ್ಯಾಕಿಗೆ ಇಳಿಸಿ ಇನ್ನೊಂದರದ್ದನ್ನು ಏರಿಸುವ ಒಂದಿಷ್ಟು ಅಸೆಂಬ್ಲಿ ಬೇಕು, ಸ್ವಲ್ಪ ಮೆಮೊರಿ ಬೇಕು. ಅಸೆಂಬ್ಲಿ ಭಾಗವನ್ನು ರಿಸ್ಕ್-ವಿಗೂ ಮೈಕ್ರೋಬ್ಲೇಝ್‌ಗೂ ಈಗಾಗಲೇ ಬರೆದಿಟ್ಟಿದ್ದಾರೆ. ಕರ್ನಲ್‌ನ, ಅಂದರೆ ಆರ್‌ಟಿಓಎಸ್‌ನ ತಿರುಳಿನ, ಗಾತ್ರ ಹತ್ತು ಕಿಲೋಬೈಟಿನ ಆಸುಪಾಸು. ನಿಮ್ಮ ಚಿಪ್ಪಿನೊಳಗಿನ ಮೆಮೊರಿಯಾದ ಬ್ಲಾಕ್ ರ‍್ಯಾಮ್ ಒಟ್ಟು 225 ಕಿಲೋಬೈಟ್. ಹಾಗಾಗಿ ಬೋರ್ಡಿನ ಮೇಲಿರುವ ಡಿಡಿಆರ್ ಮೆಮೊರಿಯ ತಂಟೆಗೆ ಸದ್ಯಕ್ಕೆ ಹೋಗಬೇಡಿ. ಬ್ಲಾಕ್ ರ‍್ಯಾಮಿನಲ್ಲಿ ಪ್ರತಿ ಓದಿಗೂ ಅಷ್ಟೇ ಕ್ಲಾಕ್ ಹಿಡಿಯುತ್ತದೆ. ಡಿಡಿಆರ್ ಆದರೆ ಒಮ್ಮೆ ಕ್ಯಾಶೆಯಲ್ಲಿ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ, ಮತ್ತೊಮ್ಮೆ ರಿಫ್ರೆಶ್ ಅಡ್ಡ ಬರುತ್ತದೆ. ಗಡುವಿನ ಲೆಕ್ಕ ಹಾಕುವವರಿಗೆ ಇದು ತಲೆನೋವು.

ಒಂದು ಎಚ್ಚರಿಕೆ. ಕೋರ್ ಕಟ್ಟುವಾಗ ಗುಣಾಕಾರ, ಭಾಗಾಕಾರದ ಘಟಕಗಳನ್ನು ಕೈಬಿಟ್ಟು ಜಾಗ ಉಳಿಸಬಹುದು. ಆಗ ಕಂಪೈಲರಿಗೂ ಅದನ್ನೇ ಹೇಳಬೇಕು. ಕೋರ್ ಆರ್‌ವಿ32ಐ (ಗುಣಾಕಾರವಿಲ್ಲದ್ದು) ಆಗಿದ್ದು ಕಂಪೈಲರಿಗೆ ಆರ್‌ವಿ32ಐಎಂ (ಗುಣಾಕಾರವಿರುವುದು) ಎಂದು ಹೇಳಿದ್ದರೆ, ಮೊದಲ ಗುಣಾಕಾರ ಬಂದಲ್ಲಿಗೆ ಪ್ರೋಗ್ರಾಂ ಟ್ರ್ಯಾಪಿಗೆ (ಗೊತ್ತಿಲ್ಲದ ಸೂಚನೆ ಕಂಡಾಗ ಕೋರ್ ಹಾರುವ ತಾಣಕ್ಕೆ) ಬಿದ್ದು ಕುಳಿತುಬಿಡುತ್ತದೆ. ಎಲ್‌ಇಡಿ ಮಿನುಗಿಸುವ ಟಾಸ್ಕ್‌ನಲ್ಲಿ ಗುಣಾಕಾರವೇ ಇಲ್ಲದಿರಬಹುದು. ಆದ್ದರಿಂದ ಎಲ್‌ಇಡಿ ಮಿನುಗಿತು ಎಂದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದುಕೊಳ್ಳಬೇಡಿ.

ಪ್ರಶ್ನೆ: ಸಾಫ್ಟ್ ಕೋರ್ ಮೇಲೆ ಜೆಫಿರ್ ಎಂಬ ಆರ್‌ಟಿಓಎಸ್ ಓಡುತ್ತಿದೆ. ನಾವೇ ಬರೆದ ಒಂದು ತರ್ಕ ಘಟಕ ದತ್ತಾಂಶ ಬಂದಾಗ ಇಂಟರಪ್ಟ್ ಕೊಡುತ್ತದೆ. ಸಿಮ್ಯುಲೇಶನ್ನಿನಲ್ಲಿ ಎಲ್ಲವೂ ಸರಿ. ಬೋರ್ಡಿನ ಮೇಲೆ ಅಪರೂಪಕ್ಕೊಮ್ಮೆ ಇಂಟರಪ್ಟ್ ಮಾಯವಾಗುತ್ತದೆ. ದೋಷ ಜೆಫಿರ್‌ನದೇ?
— ಒಬ್ಬ ಫರ್ಮ್‌ವೇರ್ ಉದ್ಯೋಗಿ

ಉತ್ತರ: ಪಾಪ, ಜೆಫಿರ್ ಏನು ಮಾಡೀತು! ನಿಮ್ಮ ಘಟಕ ಇಂಟರಪ್ಟ್ ಗೆರೆಯನ್ನು ಎಷ್ಟು ಹೊತ್ತು ಎತ್ತಿ ಹಿಡಿಯುತ್ತದೆ ಎಂದು ಮೊದಲು ನೋಡಿ. ಒಂದೇ ಕ್ಲಾಕ್ ಆಗಿದ್ದರೆ, 100 ಮೆಗಾಹರ್ಟ್ಸ್‌ನಲ್ಲಿ ಅದು 10 ನ್ಯಾನೋಸೆಕೆಂಡ್. ಕರ್ನಲ್ ತನ್ನ ಪಟ್ಟಿಗಳನ್ನು ತಿದ್ದುವಾಗ ಇಂಟರಪ್ಟ್‌ಗಳನ್ನು ಸ್ವಲ್ಪ ಹೊತ್ತು ತಡೆದಿಡುತ್ತದೆ. ರಿಸ್ಕ್-ವಿ ಕೋರಿನ ಹೊರಗಿನ ಇಂಟರಪ್ಟ್ ಗೆರೆಗೆ ನೆನಪಿಲ್ಲ: ಕರ್ನಲ್ ಬಾಗಿಲು ತೆರೆಯುವ ಹೊತ್ತಿಗೆ ಗೆರೆ ಇಳಿದಿದ್ದರೆ, ಯಾರೂ ಬಂದೇ ಇಲ್ಲ ಎಂದೇ ಲೆಕ್ಕ. ನಡುವೆ ಎಡ್ಜ್ (ಗೆರೆ ಏರಿದ ಕ್ಷಣ) ಹಿಡಿದಿಡುವ ಇಂಟರಪ್ಟ್ ನಿಯಂತ್ರಕ ಇದ್ದರೆ ಬಚಾವು. ಇಲ್ಲದಿದ್ದರೆ ನಿಮ್ಮ ಘಟಕದಲ್ಲೇ ಒಂದು ಸ್ಥಿತಿ ಬಿಟ್ ಇಡಿ. ಘಟನೆ ನಡೆದಾಗ ಅದು 1 ಆಗಲಿ, ಸಾಫ್ಟ್‌ವೇರ್ ಬಂದು ಅಳಿಸುವವರೆಗೆ 1 ಆಗಿಯೇ ಇರಲಿ. ಇಂಟರಪ್ಟ್ ಗೆರೆಯನ್ನು ಅದಕ್ಕೇ ಕಟ್ಟಿ.

ಇಷ್ಟು ಮಾಡಿದ ಮೇಲೂ ಮುಗ್ಗರಿಸುವ ಜಾಗ ಒಂದಿದೆ: ಅಳಿಸುವ ಕ್ರಮ. ಫಿಫೋ, ಅಂದರೆ ಬಂದ ದತ್ತಾಂಶ ಕಾಯುವ ಸಾಲು, ಖಾಲಿಯಾಗುವವರೆಗೆ ಓದಿ ಆಮೇಲೆ ಬಿಟ್ ಅಳಿಸಿದರೆ, ಕೊನೆಯ ಓದಿಗೂ ಅಳಿಸುವುದಕ್ಕೂ ನಡುವೆ ಬಂದ ದತ್ತಾಂಶದ ಸುದ್ದಿಯೂ ಅಳಿಸಿಹೋಗುತ್ತದೆ. ಮೊದಲು ಬಿಟ್ ಅಳಿಸಿ, ಆಮೇಲೆ ಖಾಲಿಯಾಗುವವರೆಗೆ ಓದಿ. ಕೆಲವೊಮ್ಮೆ ಇಂಟರಪ್ಟ್ ಬಂದು ನೋಡಿದರೆ ಫಿಫೋದಲ್ಲಿ ಏನೂ ಇರುವುದಿಲ್ಲ; ಇರಲಿ ಬಿಡಿ, ನಷ್ಟವೇನಿಲ್ಲ.

ಸಿಮ್ಯುಲೇಶನ್ನಿನಲ್ಲಿ ಸರಿ, ಬೋರ್ಡಿನಲ್ಲಿ ತಪ್ಪು ಎಂದಿರಿ. ಹಾಗಾದರೆ ಘಟಕದ ಕ್ಲಾಕ್ ಬೇರೆ, ಕೋರಿನ ಕ್ಲಾಕ್ ಬೇರೆ ಇರಬೇಕು ಎಂದು ನನ್ನ ಗುಮಾನಿ. 100 ಮೆಗಾಹರ್ಟ್ಸ್‌ನ ಒಂದು ಪಲ್ಸ್ 50 ಮೆಗಾಹರ್ಟ್ಸ್‌ನ ಕೋರಿಗೆ ಕಾಣದೆಯೇ ಹೋಗಬಹುದು. ಗಡಿ ದಾಟುವ ಸಂಕೇತವನ್ನು ಕೋರಿನ ಕ್ಲಾಕಿನಲ್ಲಿ ನಡೆಯುವ ಎರಡು ಫ್ಲಿಪ್-ಫ್ಲಾಪುಗಳ ಮೂಲಕ ಹಾಯಿಸಿ, ಮತ್ತು ಹಾಯಿಸುವುದು ಪಲ್ಸನ್ನಲ್ಲ, ಹಿಡಿದಿಟ್ಟ ಮಟ್ಟವನ್ನು. ಹಾಗೆಯೇ ಟೈಮಿಂಗ್ ವರದಿ ತೆರೆದು ನೋಡಿ. ಸ್ಲ್ಯಾಕ್ (ಸಂಕೇತ ಸಮಯಕ್ಕೆ ತಲುಪಲು ಉಳಿದಿರುವ ಬಿಡುವು) ಋಣಾತ್ಮಕವಾಗಿದ್ದರೆ ಸಾಫ್ಟ್‌ವೇರ್ ದೋಷ ಹುಡುಕುವುದನ್ನು ಅಲ್ಲಿಗೇ ನಿಲ್ಲಿಸಿ.

ಪ್ರಶ್ನೆ: ಮೋಟಾರಿನ ಕರೆಂಟ್ ನಿಯಂತ್ರಿಸುವ ಲೂಪನ್ನು 20 ಕಿಲೋಹರ್ಟ್ಸ್‌ನಲ್ಲಿ ಒಂದು ಟಾಸ್ಕ್ ಆಗಿ ಓಡಿಸುತ್ತಿದ್ದೇನೆ. ಅತಿ ಹೆಚ್ಚಿನ ಆದ್ಯತೆ ಕೊಟ್ಟರೂ ಸಮಯ ಹಿಂದೆ ಮುಂದೆ ಆಗುತ್ತಿದೆ.
— ಒಬ್ಬ ಹವ್ಯಾಸಿ

ಉತ್ತರ: 20 ಕಿಲೋಹರ್ಟ್ಸ್ ಎಂದರೆ 50 ಮೈಕ್ರೋಸೆಕೆಂಡಿಗೊಮ್ಮೆ. 100 ಮೆಗಾಹರ್ಟ್ಸ್ ಕೋರಿಗೆ ಅದು 5,000 ಕ್ಲಾಕ್. ಆ ಐದು ಸಾವಿರದಲ್ಲಿ ಟಾಸ್ಕ್ ಬದಲಾವಣೆ, ರಿಜಿಸ್ಟರ್ ಇಳಿಸಿ ಏರಿಸುವುದು, ಬೇರೆ ಯಾವುದೋ ಟಾಸ್ಕ್ ಇಂಟರಪ್ಟ್ ತಡೆದಿಟ್ಟ ಹೊತ್ತು ಎಲ್ಲ ಕಳೆಯಬೇಕು. ಆದ್ಯತೆ ಎಷ್ಟೇ ಏರಿಸಿದರೂ ಇಂಟರಪ್ಟ್ ತಡೆದಿದ್ದಾಗ ನಿಮ್ಮ ಟಾಸ್ಕ್ ಕಾಯಲೇಬೇಕು. ಇತರ ಟಾಸ್ಕ್‌ಗಳ ಜೊತೆ ಬೀಗ (ಒಂದು ಟಾಸ್ಕ್ ಬಳಸುವಾಗ ಉಳಿದವನ್ನು ತಡೆಯುವ ಗುರುತು) ಹಂಚಿಕೊಂಡಿದ್ದರಂತೂ ಕಥೆ ಬೇರೆಯೇ. 1997ರಲ್ಲಿ ಮಂಗಳನ ನೆಲದ ಮೇಲಿದ್ದ ಪಾಥ್‌ಫೈಂಡರ್ ನೌಕೆಯ ಕಂಪ್ಯೂಟರ್ ಮತ್ತೆ ಮತ್ತೆ ರೀಸೆಟ್ ಆದದ್ದು ಇದರಿಂದಲೇ: ಕಡಿಮೆ ಆದ್ಯತೆಯ ಟಾಸ್ಕ್ ಹಿಡಿದ ಬೀಗಕ್ಕಾಗಿ ಹೆಚ್ಚು ಆದ್ಯತೆಯದು ಕಾಯುತ್ತಿತ್ತು, ನಡುವಿನ ಆದ್ಯತೆಯದು ಬೀಗ ಹಿಡಿದವನಿಗೆ ಓಡಲು ಬಿಡಲಿಲ್ಲ. ಆದ್ಯತೆಯ ಆನುವಂಶಿಕತೆಯನ್ನು (ಬೀಗ ಹಿಡಿದವನಿಗೆ ಕಾಯುತ್ತಿರುವವನ ಆದ್ಯತೆಯನ್ನೇ ಕೊಡುವುದನ್ನು) ಚಾಲೂ ಮಾಡಿ ಭೂಮಿಯಿಂದಲೇ ಸರಿಪಡಿಸಿದರು.

ನಿಮ್ಮ ವಿಷಯದಲ್ಲಿ ನಾನು ರಿಪೇರಿಯನ್ನೇ ಸೂಚಿಸುವುದಿಲ್ಲ. ಆ ಲೂಪನ್ನು ಟಾಸ್ಕ್‌ನಿಂದ ಎತ್ತಿ ತರ್ಕಕ್ಕೆ ಹಾಕಿ. ಕೋರಿನ ಸುತ್ತ ಎಫ್‌ಪಿಜಿಎಯ ಬಹುಪಾಲು ಖಾಲಿ ಬಿದ್ದಿರುವಾಗ, ಮೈಕ್ರೋಸೆಕೆಂಡಿನ ಕೆಲಸವನ್ನು ಟಾಸ್ಕ್‌ಗಳ ಸರದಿ ನಿರ್ಧರಿಸುವ ಶೆಡ್ಯೂಲರಿನ ತಲೆಗೆ ಕಟ್ಟುವುದು ಪಕ್ಕದಲ್ಲೇ ಬಾವಿ ಇಟ್ಟುಕೊಂಡು ನೀರಿಗೆ ಸರದಿ ನಿಂತಂತೆ. ಎಡಿಸಿ (ಕರೆಂಟನ್ನು ಅಂಕಿಯಾಗಿಸುವ ಘಟಕ) ಓದುವುದು, ಎರಡು ಗುಣಾಕಾರ, ಒಂದು ಸಂಕಲನ, ಪಿಡಬ್ಲ್ಯೂಎಂ (ಮೋಟಾರಿಗೆ ಹೋಗುವ ಪಲ್ಸಿನ ಅಗಲ ನಿಯಂತ್ರಿಸುವ) ಕೌಂಟರ್: ಇಷ್ಟಕ್ಕೆ ಗುಣಾಕಾರಕ್ಕೆಂದೇ ಇರುವ ಕೆಲವು ಡಿಎಸ್‌ಪಿ ಖಾನೆಗಳು ಸಾಕು, ಜಿಟರ್ (ಸಮಯದ ಏರುಪೇರು) ಒಂದು ಕ್ಲಾಕಿನಷ್ಟೂ ಇರುವುದಿಲ್ಲ. ವೇಗದ ಗುರಿ ಹೇಳುವುದು, ದೋಷ ನೋಡಿ ನಿಲ್ಲಿಸುವುದು, ಸಂವಹನ, ದಾಖಲೆ ಇವು ಟಾಸ್ಕ್‌ಗಳಿಗೆ ಇರಲಿ. ಅಲ್ಲಿ ಒಂದು ಮಿಲಿಸೆಕೆಂಡ್ ತಡವಾದರೂ ಮೋಟಾರಿಗೆ ಗೊತ್ತಾಗುವುದಿಲ್ಲ.

ಇವೆರಡರ ನಡುವಿನ ರಿಜಿಸ್ಟರುಗಳಲ್ಲಿ ಮಾತ್ರ ಜಾಗ್ರತೆ. ಲೂಪಿನ ಎರಡು ಗುಣಾಂಕಗಳನ್ನು ಟಾಸ್ಕ್ ಒಂದಾದ ಮೇಲೊಂದು ಬರೆಯುತ್ತದೆ. ಆ ನಡುವೆ ಲೂಪ್ ಒಂದು ಸುತ್ತು ಓಡಿದರೆ ಹೊಸದೊಂದು ಹಳೆಯದೊಂದು ಸೇರಿದ ಎಡಬಿಡಂಗಿ ನಿಯಂತ್ರಣ. ಎರಡಕ್ಕೂ ನೆರಳು ರಿಜಿಸ್ಟರ್ ಇಡಿ. ಕೊನೆಗೆ ‘ಜಾರಿ’ ಎಂಬ ಬಿಟ್ ಬರೆದಾಗ, ಮುಂದಿನ ಪಿಡಬ್ಲ್ಯೂಎಂ ಸುತ್ತಿನ ಆರಂಭದಲ್ಲಿ ಎರಡೂ ಒಟ್ಟಿಗೆ ಒಳಗೆ ಹೋಗಲಿ.

ಪ್ರಶ್ನೆ: ಹಾಗಾದರೆ ಶೆಡ್ಯೂಲರನ್ನೇ ತರ್ಕದಲ್ಲಿ ಬರೆದರೆ?
— ಒಬ್ಬ ಸಂಶೋಧನಾ ವಿದ್ಯಾರ್ಥಿ

ಉತ್ತರ: ಬರೆಯಬಹುದು, ಬರೆದವರೂ ಇದ್ದಾರೆ. ಆದರೆ ಸಿಗುವ ಲಾಭ ಎಷ್ಟು ಎಂದು ಅಳೆದು ಹೊರಡಿ. ಫ್ರೀಆರ್‌ಟಿಓಎಸ್‌ನ ಕೆಲವು ಪೋರ್ಟ್‌ಗಳು (ಬೇರೆ ಬೇರೆ ಪ್ರೊಸೆಸರಿಗೆ ಹೊಂದಿಸಿದ ರೂಪಗಳು) ಸಿದ್ಧವಿರುವ ಆದ್ಯತೆಗಳನ್ನು 32 ಬಿಟ್‌ಗಳ ಒಂದು ಪದದಲ್ಲಿಟ್ಟು, ಎಡತುದಿಯ ಸೊನ್ನೆಗಳನ್ನು ಎಣಿಸುವ ಒಂದೇ ಸೂಚನೆಯಿಂದ ಅತಿ ಹೆಚ್ಚಿನದನ್ನು ಹುಡುಕುತ್ತವೆ. ಆಯ್ಕೆ ಆಗಲೇ ಅಗ್ಗ. ದುಬಾರಿಯಾದದ್ದು ಮೂವತ್ತರಷ್ಟು ಪದಗಳನ್ನು ಮೆಮೊರಿಗೆ ಇಳಿಸಿ ಮತ್ತೆ ಮೂವತ್ತನ್ನು ಏರಿಸುವುದು. ಕೋರ್ ನಿಮ್ಮ ಕೈಯಲ್ಲೇ ಇದೆಯಲ್ಲ, ಅದರ ರಿಜಿಸ್ಟರ್ ಕಡತವನ್ನೇ ಎರಡು ಮೂರು ಪ್ರತಿ ಮಾಡಿ, ತುರ್ತಿನ ಟಾಸ್ಕ್‌ಗಳಿಗೆ ಒಂದೊಂದು ಕೊಟ್ಟು ನೋಡಿ. ಬ್ಲಾಕ್ ರ‍್ಯಾಮಿನಲ್ಲಿ ಇಟ್ಟರೆ ಹೆಚ್ಚು ಎಲ್‌ಯುಟಿ ತಿನ್ನುವುದಿಲ್ಲ.